ಆಲ್ಬೆಡೊ: ನೆಲ ಮರಳಿಸುವ ಬಿಸಿಲಿನ ಲೆಕ್ಕ

ಏಪ್ರಿಲ್ ತಿಂಗಳ ನಡುಹಗಲು ಗೋಕರ್ಣದ ಹತ್ತಿರದ ಸಾಣಿಕಟ್ಟಾದಲ್ಲಿ, ಉಪ್ಪಿನ ಆಗರದ ಬದುವಿನ ಮೇಲೆ ನಿಂತರೆ ಕಣ್ಣು ತಾನಾಗಿಯೇ ಕಿರಿದಾಗುತ್ತದೆ. ಉಪ್ಪಿನ ರಾಶಿಯಿಂದ ಬಿಸಿಲು ಮುಖಕ್ಕೆ ಎರಚಿದಂತೆ ಬರುತ್ತದೆ. ಅಲ್ಲಿಂದ ಅಘನಾಶಿನಿ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಕಡೆ ಹೊರಳಿದರೆ ಕಣ್ಣಿಗೆ ಹಾಯೆನಿಸುತ್ತದೆ. ಬಿಸಿಲು ಎರಡೂ ಕಡೆ ಒಂದೇ. ಅದರಲ್ಲಿ ಮರಳಿ ಹೋಗುವ ಪಾಲು ಬೇರೆ. ಆ ಪಾಲಿಗೆ ಆಲ್ಬೆಡೊ ಎಂದು ಹೆಸರು.

ಬಿದ್ದ ಬೆಳಕೆಲ್ಲ ಮರಳಿದರೆ 1, ಏನೂ ಮರಳದಿದ್ದರೆ 0. ಹೊಸ ಹಿಮದ್ದು 0.8ಕ್ಕೂ ಹೆಚ್ಚು. ಸೂರ್ಯ ನೆತ್ತಿಯ ಮೇಲಿರುವಾಗ ಸಮುದ್ರದ್ದು 0.1ಕ್ಕೂ ಕಡಿಮೆ. ಮೋಡಗಳನ್ನೂ ಸೇರಿಸಿ ಇಡೀ ಭೂಮಿಯದು ಸುಮಾರು 0.3. ಲ್ಯಾಟಿನ್‌ನಲ್ಲಿ ‘ಬಿಳುಪು’ ಎಂಬ ಅರ್ಥದ ಈ ಪದವನ್ನು ಬೆಳಕಿನ ಅಳತೆಯ ಶಾಸ್ತ್ರಕ್ಕೆ ತಂದವನು ಯೋಹಾನ್ ಹೈನ್ರಿಖ್ ಲ್ಯಾಂಬರ್ಟ್, 1760ರಲ್ಲಿ.

ಈ ಹೆಸರು ನಮ್ಮನ್ನು ತುಸು ದಾರಿ ತಪ್ಪಿಸುತ್ತದೆ ಎಂದೇ ನನಗೆ ಅನಿಸುತ್ತದೆ. ಬಿಸಿಲಿನ ಶಕ್ತಿಯಲ್ಲಿ ಸುಮಾರು ಅರ್ಧದಷ್ಟು ಇರುವುದು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಲ್ಲಿ. ಹಸಿರೆಲೆ ಕೆಂಪು ಮತ್ತು ನೀಲಿ ಬೆಳಕನ್ನು ಹೀರಿಕೊಂಡು, ಕೆಂಪಿನ ಆಚೆಗಿನ ಈ ಕಿರಣಗಳನ್ನು ಧಾರಾಳವಾಗಿ ಹಿಂದಕ್ಕೆ ಕಳಿಸುತ್ತದೆ. ಶಿರಸಿಯ ಕಾಡು ಕಣ್ಣಿಗೆ ತೋರುವಷ್ಟು ಕಪ್ಪಲ್ಲ.

ಇನ್ನು ಉಪಗ್ರಹದ ಮಾತು. ಅದು ಆಲ್ಬೆಡೊವನ್ನು ನೇರವಾಗಿ ಅಳೆಯುವುದಿಲ್ಲ, ಲೆಕ್ಕ ಕಟ್ಟುತ್ತದೆ. ಏಕೆಂದು ತಿಳಿಯಲು ದೇವಿಮನೆ ಘಟ್ಟದಿಂದ ಪಡುವಣಕ್ಕೆ ನೋಡಿದರೆ ಸಾಕು. ಬೆಳಿಗ್ಗೆ ಸೂರ್ಯ ಬೆನ್ನಿಗಿರುವಾಗ ಕೆಳಗಿನ ಕಾಡು ಎಳೆ ಹಸಿರಾಗಿ ಹೊಳೆಯುತ್ತದೆ. ಸಂಜೆ ಸೂರ್ಯ ಎದುರಿಗೆ ಬಂದಾಗ ಅದೇ ಮರಗಳ ನೆರಳಿನ ಮೈ ನಮ್ಮ ಕಡೆಗಿದ್ದು, ಕಾಡು ಮಂಕಾಗುತ್ತದೆ. ಆಲ್ಬೆಡೊ ಎಂದರೆ ಎಲ್ಲ ದಿಕ್ಕುಗಳಿಗೂ ಹೋದ ಬೆಳಕಿನ ಮೊತ್ತ. ಉಪಗ್ರಹಕ್ಕೆ ಒಂದು ಸಲಕ್ಕೆ ಸಿಗುವುದು ಒಂದೇ ದಿಕ್ಕಿನ ನೋಟ. ಆದ್ದರಿಂದ 1999ರಲ್ಲಿ ಹಾರಿದ ಟೆರ್ರಾ ಮತ್ತು 2002ರಲ್ಲಿ ಹಾರಿದ ಆಕ್ವಾ ಉಪಗ್ರಹಗಳಲ್ಲಿರುವ ಮೋಡಿಸ್ ಉಪಕರಣದ 16 ದಿನಗಳ ನೋಟಗಳನ್ನು ಒಟ್ಟುಗೂಡಿಸುತ್ತಾರೆ. ನಡುವಿನ ಗಾಳಿಯ ದೂಳು, ಮಬ್ಬುಗಳ ಪಾಲನ್ನು ಮೊದಲು ಕಳೆಯುತ್ತಾರೆ. ಉಳಿದದ್ದಕ್ಕೆ ಗಣಿತದ ಸೂತ್ರ ಹೊಂದಿಸಿ, ಕಾಣದ ದಿಕ್ಕುಗಳನ್ನು ತುಂಬಿಕೊಳ್ಳುತ್ತಾರೆ. ಹೀಗೆ ಸಿಗುವ ನಕ್ಷೆಯ ಒಂದು ಚೌಕ 500 ಮೀಟರ್. ಸಾಣಿಕಟ್ಟಾದ ಉಪ್ಪು, ನೀರು, ಬದು, ಕಾಂಡ್ಲಾ ಎಲ್ಲವೂ ಅಂಥ ಒಂದು ಚೌಕದೊಳಗೆ ಕಲಸಿ ಒಂದೇ ಅಂಕಿಯಾಗಿಬಿಡಬಹುದು.

ಹವಾಮಾನವನ್ನು ಗಣಕದಲ್ಲಿ ಲೆಕ್ಕ ಹಾಕುವ ಮಾದರಿಗಳಿಗೆ ಈ ಅಂಕಿ ಬೇಕೇಬೇಕು. ನಿರಭ್ರ ನಡುಹಗಲಿನಲ್ಲಿ ಒಂದು ಚದರ ಮೀಟರ್ ನೆಲಕ್ಕೆ ಸುಮಾರು 1,000 ವ್ಯಾಟ್ ಬಿಸಿಲು ಬೀಳುತ್ತದೆ ಎನ್ನೋಣ. ಆಲ್ಬೆಡೊ 0.12 ಇರುವ ಕಡೆ 0.20 ಎಂದು ಬರೆದುಕೊಂಡರೆ 80 ವ್ಯಾಟ್ ಲೆಕ್ಕದಿಂದಲೇ ಕಾಣೆಯಾಗುತ್ತದೆ. ನೆಲ ಕಾಯುವುದು, ನೀರು ಆವಿಯಾಗುವುದು, ಮಧ್ಯಾಹ್ನ ಕಾರವಾರದ ದಡಕ್ಕೆ ಕಡಲಗಾಳಿ ಏಳುವುದು, ಎಲ್ಲಕ್ಕೂ ಬಂಡವಾಳ ಆ ಶಕ್ತಿಯೇ. ಹೀರಿದ್ದೆಲ್ಲ ಸೆಕೆಯಾಗಬೇಕೆಂದೇನೂ ಇಲ್ಲ. ಕಾಡು ಬಯಲಿಗಿಂತ ಹೆಚ್ಚು ಬಿಸಿಲು ನುಂಗಿಯೂ ತಂಪಾಗಿರುವುದು, ಅದರಲ್ಲಿ ಬಹುಪಾಲನ್ನು ಎಲೆಗಳು ನೀರನ್ನು ಆವಿ ಮಾಡಲು ಖರ್ಚು ಮಾಡುವುದರಿಂದ. 1975ರಲ್ಲಿ ಜೂಲ್ ಚಾರ್ನಿ ಎಂಬ ಹವಾಮಾನ ವಿಜ್ಞಾನಿ ಆಫ್ರಿಕಾದಲ್ಲಿ ಸಹಾರಾ ಮರುಭೂಮಿಯ ತೆಂಕಣ ಅಂಚಿನ ಸಾಹೆಲ್ ಪ್ರದೇಶದ ಬಗ್ಗೆ ಒಂದು ವಾದ ಮುಂದಿಟ್ಟ: ಅತಿಯಾಗಿ ಮೇಯಿಸಿ ಹಸಿರು ಹೋದರೆ ನೆಲ ಬೆಳ್ಳಗಾಗುತ್ತದೆ, ಹೀರುವ ಬಿಸಿಲು ಕಡಿಮೆಯಾಗುತ್ತದೆ, ಮೇಲಿನ ಗಾಳಿ ತಣಿದು ಕೆಳಗಿಳಿಯುತ್ತದೆ, ಮಳೆ ಇನ್ನಷ್ಟು ಹಿಂದೆಗೆಯುತ್ತದೆ.

ನಮ್ಮ ಕರಾವಳಿಯಲ್ಲಿ ಈ ಲೆಕ್ಕಕ್ಕೆ ದೊಡ್ಡ ತೊಡಕು ಮಳೆಗಾಲ. ಜೂನ್‌ನಿಂದ ಮೋಡ ಕವಿದುಕೊಂಡರೆ 16 ದಿನ ಕಾದರೂ ನೆಲ ಸರಿಯಾಗಿ ಕಾಣುವ ನೋಟಗಳು ಸಾಕಷ್ಟು ಸಿಗುವುದಿಲ್ಲ. ಆಗ ಹಿಂದಿನ ವರ್ಷಗಳ ಸರಾಸರಿಯನ್ನೇ ನೆಚ್ಚಬೇಕಾಗುತ್ತದೆ. ಆಗರದಲ್ಲಿ ಮಳೆನೀರು ನಿಂತು, ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಕಗ್ಗ ತಳಿಯ ಭತ್ತ ಹಸಿರೇಳುವುದು, ನೆಲದ ಮೈಬಣ್ಣವೇ ಬದಲಾಗುವುದು, ಆ ತಿಂಗಳುಗಳಲ್ಲಿಯೇ.