ಡೇಟಾ ಡಿ ಡ್ರೈವ್‌ನಲ್ಲಿದೆ, ಫಾರ್ಮ್ಯಾಟ್ ಮಾಡಿಸಬಹುದೇ?

ಓದುಗರ ಪ್ರಶ್ನೆ: ಅಂಗಡಿಯ ಕಂಪ್ಯೂಟರ್ ಬಹಳ ನಿಧಾನವಾಗಿದೆ. ಈ ಭಾನುವಾರ ಫಾರ್ಮ್ಯಾಟ್ ಮಾಡಿಸಬೇಕೆಂದಿದ್ದೇನೆ. ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲಿ ನಾಲ್ಕು ವರ್ಷದ ಲೆಕ್ಕವಿದೆ. ದಿನವೂ ಬ್ಯಾಕಪ್ ತೆಗೆದು ಡಿ ಡ್ರೈವ್‌ನಲ್ಲಿ ಇಟ್ಟಿದ್ದೇನೆ. ಹಾಗಾಗಿ ಏನೂ ತೊಂದರೆಯಿಲ್ಲ ಅಲ್ಲವೇ?

ಉತ್ತರ: ಈ ಪ್ರಶ್ನೆಗೆ ನಾನು ಎಷ್ಟನೆಯ ಸಲ ಉತ್ತರಿಸುತ್ತಿದ್ದೇನೆ ಎಂಬ ಲೆಕ್ಕವನ್ನು ಇಟ್ಟಿಲ್ಲ. ಇಟ್ಟಿದ್ದರೆ ಅದೇ ಒಂದು ಲೆಡ್ಜರ್ ಆಗುತ್ತಿತ್ತು. ಕೇಳುವವರ ಊರು ಬೇರೆ, ವ್ಯಾಪಾರ ಬೇರೆ, ಕಂಪ್ಯೂಟರ್ ಬೇರೆ. ‘ಡಿ ಡ್ರೈವ್‌ನಲ್ಲಿದೆ’ ಎಂಬ ಮಾತು ಮಾತ್ರ ಎಲ್ಲರದೂ ಒಂದೇ. ದಿನವೂ ಬ್ಯಾಕಪ್ ತೆಗೆಯುವ ಶಿಸ್ತು ನಿಮಗಿದೆ, ಅದಕ್ಕೆ ಮೆಚ್ಚುಗೆ ಸಲ್ಲಲೇಬೇಕು. ಆದರೆ ನೀವು ತೆಗೆದಿರುವುದು ಬ್ಯಾಕಪ್ ಎಂದು ಒಪ್ಪಲು ನನ್ನಿಂದಾಗದು. ಭಾನುವಾರದ ಕೆಲಸಕ್ಕೆ ಮುಂಚೆ ಶನಿವಾರ ಸಂಜೆ ಮಾಡಬೇಕಾದದ್ದು ಸ್ವಲ್ಪವೇ ಇದೆ, ಅದನ್ನು ಮೊದಲು ಹೇಳಿ ಮುಗಿಸುತ್ತೇನೆ.

ಟ್ಯಾಲಿಯ ಈಗಿನ ಆವೃತ್ತಿಯಾದ ಟ್ಯಾಲಿಪ್ರೈಮ್‌ನಲ್ಲಿ ಆಲ್ಟ್ ಮತ್ತು ವೈ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಡೇಟಾ ಮೆನು ತೆರೆಯುತ್ತದೆ, ಅದರಲ್ಲಿ ಬ್ಯಾಕಪ್ ಎಂಬುದಿದೆ. ಇನ್ನೂ ಹಳೆಯ ಆವೃತ್ತಿಯಾದ ಇಆರ್‌ಪಿ 9 ಬಳಸುತ್ತಿರುವವರು ಆಲ್ಟ್ ಮತ್ತು ಎಫ್3 ಒತ್ತಬೇಕು. ಬ್ಯಾಕಪ್ ಹೋಗಬೇಕಾದ ಜಾಗವನ್ನು ಪೆನ್‌ಡ್ರೈವ್‌ಗೋ ಹೊರಗಿನ ಹಾರ್ಡ್‌ಡಿಸ್ಕ್‌ಗೋ ಬದಲಿಸಿ, ಅಲ್ಲಿ ಆ ದಿನದ ದಿನಾಂಕವನ್ನೇ ಹೆಸರಾಗಿ ಇಟ್ಟ ಹೊಸ ಫೋಲ್ಡರ್‌ನಲ್ಲಿ ಉಳಿಸಿ. ಹಳೆಯ ಬ್ಯಾಕಪ್ ಇರುವ ಫೋಲ್ಡರ್‌ನಲ್ಲೇ ಹೊಸದನ್ನು ಹಾಕುವ ಅಭ್ಯಾಸ ಬೇಡ. ನಿನ್ನೆಯದು ಸರಿಯಿದ್ದು ಇಂದಿನದು ಕೆಟ್ಟಿದ್ದರೆ ಹಿಂತಿರುಗಲು ದಾರಿ ಉಳಿಯದೇ ಹೋಗಬಹುದು. ಟ್ಯಾಲಿಯ ಲೈಸೆನ್ಸ್ ಅನ್ನು ಸರೆಂಡರ್ ಮಾಡುವುದನ್ನೂ, ಅಂದರೆ ಆ ಕಂಪ್ಯೂಟರ್‌ನಿಂದ ಬಿಡಿಸಿಕೊಳ್ಳುವುದನ್ನೂ ಮರೆಯಬೇಡಿ, ಏಕೆಂದರೆ ಅದು ಆ ಕಂಪ್ಯೂಟರ್‌ಗೆ ಅಂಟಿಕೊಂಡಿರುತ್ತದೆಯೇ ಹೊರತು ನಿಮ್ಮ ಲೆಕ್ಕಕ್ಕಲ್ಲ. ಬ್ಯಾಕಪ್ ಕಡತದೊಳಗೆ ಲೈಸೆನ್ಸ್ ಇರುವುದಿಲ್ಲ, ಬಿಲ್ ನಮೂನೆಗಾಗಿ ಯಾರೋ ಬರೆದುಕೊಟ್ಟ ಟಿಡಿಎಲ್ ಕಡತವೂ ಇರುವುದಿಲ್ಲ. ಆ ಟಿಡಿಎಲ್ ಕಡತವನ್ನು ಪ್ರತ್ಯೇಕವಾಗಿ ನಕಲು ಮಾಡಿಟ್ಟುಕೊಳ್ಳಿ. ಇಲ್ಲದಿದ್ದರೆ ಸೋಮವಾರ ಬೆಳಿಗ್ಗೆ ಬಿಲ್ ಮುದ್ರಿಸಿದಾಗ ಅಂಗಡಿಯ ಲೋಗೋ ಎಲ್ಲಿ ಹೋಯಿತೆಂದು ಮತ್ತೆ ನನಗೇ ಫೋನ್ ಬರುತ್ತದೆ.

ಇನ್ನು ಡಿ ಡ್ರೈವ್‌ನ ವಿಷಯ.

ನಿಮ್ಮ ಕಂಪ್ಯೂಟರ್‌ನಲ್ಲಿ ವಿಂಡೋಸ್ ಕೀಲಿ ಮತ್ತು ಎಕ್ಸ್ ಒಟ್ಟಿಗೆ ಒತ್ತಿ, ಬರುವ ಪಟ್ಟಿಯಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಕೆಳಭಾಗದಲ್ಲಿ ಎಡಕ್ಕೆ ‘ಡಿಸ್ಕ್ 0’ ಎಂದು ಬರೆದಿರುತ್ತದೆ. ಅದರ ಮುಂದೆ, ಅದೇ ಸಾಲಿನಲ್ಲಿ, ಸಿ ಮತ್ತು ಡಿ ಪಕ್ಕಪಕ್ಕದಲ್ಲಿ ಕಾಣಿಸುತ್ತಿದ್ದರೆ ನಿಮ್ಮಲ್ಲಿ ಇರುವುದು ಒಂದೇ ಡಿಸ್ಕ್. ಒಂದು ಗದ್ದೆಯ ನಡುವೆ ಬದು ಹಾಕಿ ಎರಡು ತಾಕು ಮಾಡಿದ್ದೀರಿ, ಅಷ್ಟೇ. ಕೆರೆ ಒಡೆದ ದಿನ ನೀರು ಬದುವನ್ನು ಕೇಳಿಕೊಂಡು ಬರುವುದಿಲ್ಲ. ‘ಡಿಸ್ಕ್ 1’ ಎಂಬ ಬೇರೆ ಸಾಲಿದ್ದು ಡಿ ಅಲ್ಲಿ ಕಾಣಿಸಿದರೆ ಮಾತ್ರ ಎರಡು ಡಿಸ್ಕ್ ಇವೆ ಎಂದರ್ಥ. ಅಂಗಡಿಗಳಲ್ಲಿ ನಾನು ನೋಡಿರುವ ಕಂಪ್ಯೂಟರ್‌ಗಳಲ್ಲಿ ಹೆಚ್ಚಿನವಕ್ಕೆ ಈ ಎರಡನೆಯ ಸಾಲೇ ಇರಲಿಲ್ಲ.

ಈ ನಂಬಿಕೆ ಎಲ್ಲಿಂದ ಬಂತೆಂದು ನನಗೆ ಗೊತ್ತು, ಆದ್ದರಿಂದಲೇ ನಂಬುವವರ ಮೇಲೆ ಪೂರ್ತಿ ಸಿಟ್ಟು ಬರುವುದಿಲ್ಲ. ವಿಂಡೋಸ್ 98 ಮತ್ತು ಎಕ್ಸ್‌ಪಿ ಕಾಲದಲ್ಲಿ ವೈರಸ್ ಬಂದಾಗಲೆಲ್ಲ ಸಿ ಡ್ರೈವ್ ಒಂದನ್ನೇ ಅಳಿಸಿ ವಿಂಡೋಸ್ ಹೊಸದಾಗಿ ಹಾಕುತ್ತಿದ್ದರು, ಡಿ ಡ್ರೈವ್‌ನಲ್ಲಿದ್ದದ್ದು ಹಾಗೆಯೇ ಉಳಿಯುತ್ತಿತ್ತು. ಹಲವು ಸಲ ಹೀಗೆ ಉಳಿದದ್ದನ್ನು ಕಂಡವರು ‘ಡಿ ಎಂದರೆ ಸುರಕ್ಷಿತ’ ಎಂದು ತೀರ್ಮಾನಿಸಿದರು. ಅಂದರೆ ವಿಂಡೋಸ್ ಕೆಟ್ಟರೆ ಡಿ ಉಳಿಯುತ್ತದೆ ಎಂಬುದು ನಿಜ. ವಿಂಡೋಸ್ ಕೆಡುವುದು ಡೇಟಾ ಹೋಗುವ ಅನೇಕ ದಾರಿಗಳಲ್ಲಿ ಒಂದು ಮಾತ್ರ ಎಂಬುದೂ ಅಷ್ಟೇ ನಿಜ, ಆದರೆ ಈ ಎರಡನೆಯ ಮಾತನ್ನು ಹೇಳುವ ವೇಳೆಗೆ ಕೇಳುವವರು ಫೋನ್ ಇಟ್ಟಿರುತ್ತಾರೆ.

ಡಿಸ್ಕ್ ಸತ್ತರೆ ಸಿ ಜೊತೆಗೆ ಡಿ ಕೂಡ ಹೋಗುತ್ತದೆ. ಹಳೆಯ ಹಾರ್ಡ್‌ಡಿಸ್ಕ್‌ಗಳು ಕೆಡುವ ಮುನ್ನ ಕಟಕಟ ಸದ್ದು ಮಾಡಿ ಎಷ್ಟೋ ಸಲ ಸೂಚನೆ ಕೊಡುತ್ತಿದ್ದವು; ಈಗಿನ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲವಾದ್ದರಿಂದ ರಾತ್ರಿ ಚೆನ್ನಾಗಿದ್ದದ್ದು ಬೆಳಿಗ್ಗೆ ಕಾಣಿಸದೇ ಹೋಗಬಹುದು. ಕಂಪ್ಯೂಟರ್ ಕಳುವಾದರೆ ಕಳ್ಳ ಡಿ ಡ್ರೈವ್ ಬಿಚ್ಚಿಟ್ಟು ಹೋಗುವುದಿಲ್ಲ. ರ‍್ಯಾನ್ಸಮ್‌ವೇರ್ ಹೊಕ್ಕರೆ ಅದು ತನ್ನ ಕೈಗೆ ಸಿಕ್ಕ ಎಲ್ಲ ಡ್ರೈವ್‌ಗಳ ಕಡತಗಳನ್ನೂ ಬೀಗ ಹಾಕಿ ಇಡುತ್ತದೆ, ಆ ಹೊತ್ತಿನಲ್ಲಿ ಚುಚ್ಚಿಕೊಂಡೇ ಇದ್ದ ಪೆನ್‌ಡ್ರೈವ್ ಕೂಡ ಅದರೊಳಗೆ ಸೇರುತ್ತದೆ. ಆದ್ದರಿಂದ ಪೆನ್‌ಡ್ರೈವ್‌ಗೆ ಬ್ಯಾಕಪ್ ತೆಗೆದು ಅದನ್ನು ವರ್ಷವಿಡೀ ಕಂಪ್ಯೂಟರ್‌ನ ಹಿಂಬದಿಯಲ್ಲೇ ಬಿಡುವವರು ಡಿ ಡ್ರೈವ್‌ನವರಿಗಿಂತ ಹೆಚ್ಚೇನೂ ಮುಂದೆ ಹೋಗಿಲ್ಲ.

ಫಾರ್ಮ್ಯಾಟ್ ಮಾಡುವಾಗಲಾದರೂ ಡಿ ಕ್ಷೇಮವೇ ಎಂದರೆ, ಅದೂ ಕೆಲಸ ಮಾಡುವವನ ಎಚ್ಚರವನ್ನು ಅವಲಂಬಿಸಿದೆ. ವಿಂಡೋಸ್ ಹಾಕುವ ಪರದೆಯಲ್ಲಿ ಸಿ, ಡಿ ಎಂಬ ಅಕ್ಷರಗಳು ಇರುವುದಿಲ್ಲ. ‘ಡ್ರೈವ್ 0 ಪಾರ್ಟಿಷನ್ 1’, ‘ಪಾರ್ಟಿಷನ್ 2’, ‘ಪಾರ್ಟಿಷನ್ 3’ ಎಂಬ ಸಾಲುಗಳೂ ಅವುಗಳ ಗಾತ್ರವೂ ಕಾಣುತ್ತವೆ; ಪಾರ್ಟಿಷನ್ ಎಂದರೆ ನಾನು ಹೇಳಿದ ತಾಕು. ಡ್ರೈವ್‌ಗೆ ನೀವು ಹೆಸರು ಕೊಟ್ಟಿರದಿದ್ದರೆ, ಯಾವುದು ನಿಮ್ಮ ಡಿ ಎಂಬುದನ್ನು ತಂತ್ರಜ್ಞ ಗಾತ್ರ ನೋಡಿ ಊಹಿಸಬೇಕು. ಭಾನುವಾರ ಮಧ್ಯಾಹ್ನ, ಮೂರನೆಯ ಅಂಗಡಿಯ ಮೂರನೆಯ ಕಂಪ್ಯೂಟರ್ ಮುಂದೆ ಕುಳಿತ ಹುಡುಗ, ಕಿರಿಕಿರಿ ಬೇಡವೆಂದು ಎಲ್ಲ ಪಾರ್ಟಿಷನ್‌ಗಳನ್ನೂ ಡಿಲೀಟ್ ಮಾಡಿ ಹೊಸದಾಗಿ ಹಂಚಿಬಿಟ್ಟರೆ ಅವನನ್ನು ದೂರಿ ಪ್ರಯೋಜನವಿಲ್ಲ. ‘ಡೇಟಾ ಇದೆಯಾ ಸಾರ್?’ ಎಂದು ಅವನು ಕೇಳಿದಾಗ ನೀವು ಗಿರಾಕಿಗೆ ಚಿಲ್ಲರೆ ಕೊಡುತ್ತಾ ‘ಎಲ್ಲ ಬ್ಯಾಕಪ್ ಆಗಿದೆಯಪ್ಪಾ’ ಎಂದಿರುತ್ತೀರಿ. ಇದರ ಜೊತೆಗೆ, ಡ್ರೈವ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಎಂಬ ವಿಂಡೋಸ್ ಸೌಲಭ್ಯ ಚಾಲನೆಯಲ್ಲಿರುವ ಹೊಸ ಲ್ಯಾಪ್‌ಟಾಪ್ ಆದರೆ, ಡಿ ಅಳಿಯದೆ ಉಳಿದರೂ ಹೊಸ ವಿಂಡೋಸ್ ಅದನ್ನು ತೆರೆಯಲು 48 ಅಂಕಿಗಳ ರಿಕವರಿ ಕೀಲಿ ಕೇಳಬಹುದು. ಆ ಕೀಲಿಯನ್ನು ಎಲ್ಲಿ ಇಟ್ಟಿದ್ದೀರೆಂದು ಕೇಳಿದಾಗ ಬಹುಪಾಲು ಜನ ಅಂಥದ್ದೊಂದು ಇದೆಯೇ ಎಂದು ನನ್ನನ್ನೇ ತಿರುಗಿ ಕೇಳಿದ್ದಾರೆ.

ಹಿಂದೆ ಕೈಬರಹದ ಲೆಕ್ಕವಿದ್ದಾಗ ದಿನದ ವ್ಯವಹಾರ ಬರೆಯುವ ಕಿರ್ದಿ ಬೇರೆ ಪುಸ್ತಕ, ಖಾತೆ ಬೇರೆ ಪುಸ್ತಕ. ಖಾತೆ ಪುಸ್ತಕವನ್ನು ಗೆದ್ದಲು ತಿಂದರೂ ಕಿರ್ದಿಯನ್ನು ಮುಂದಿಟ್ಟುಕೊಂಡು ಗುಮಾಸ್ತರು ಒಂದೊಂದೇ ಖಾತೆಯನ್ನು ಮತ್ತೆ ಎತ್ತಿ ಬರೆಯುತ್ತಿದ್ದರು. ಟ್ಯಾಲಿಯಲ್ಲಿ ಡೇ ಬುಕ್, ಲೆಡ್ಜರ್, ಸ್ಟಾಕ್, ಬಿಲ್‌ವಾರು ಬಾಕಿ ಎಲ್ಲವೂ ಸಂಖ್ಯೆಯ ಹೆಸರಿರುವ ಒಂದೇ ಫೋಲ್ಡರ್‌ನಲ್ಲಿವೆ. ಕಂಪನಿ (ಒಂದು ವ್ಯಾಪಾರದ ಲೆಕ್ಕಕ್ಕೆ ಟ್ಯಾಲಿಯಲ್ಲಿ ಇರುವ ಹೆಸರು) ಆರಿಸುವಾಗ ಹೆಸರಿನ ಜೊತೆ ಕಾಣುವ ಸಂಖ್ಯೆಯೇ ಆ ಫೋಲ್ಡರ್‌ನ ಹೆಸರು. ಅದು ಹೋದರೆ ಒಂದರಿಂದ ಇನ್ನೊಂದನ್ನು ಎತ್ತಿ ಬರೆಯಲು ಏನೂ ಉಳಿಯುವುದಿಲ್ಲ.

ಗೂಗಲ್ ಡ್ರೈವ್ ಬಳಸಬಹುದೇ ಎಂದು ಮುಂದಿನ ಪತ್ರ ಬರುವುದು ಖಚಿತವಾದ್ದರಿಂದ ಈಗಲೇ ಹೇಳುತ್ತೇನೆ: ಬ್ಯಾಕಪ್ ಕಡತವನ್ನು ಅಲ್ಲಿಗೆ ಹಾಕಬಹುದು, ಹಾಕಬೇಕು. ಆದರೆ ಟ್ಯಾಲಿ ಬಳಸುತ್ತಿರುವ ಡೇಟಾ ಫೋಲ್ಡರನ್ನೇ ಸಿಂಕ್‌ಗೆ, ಅಂದರೆ ಬದಲಾದದ್ದನ್ನೆಲ್ಲ ತಾನಾಗಿ ಅಲ್ಲಿಗೆ ನಕಲು ಮಾಡುವ ವ್ಯವಸ್ಥೆಗೆ, ಕಟ್ಟಬಾರದು. ಟ್ಯಾಲಿ ಬರೆಯುತ್ತಿರುವಾಗಲೇ ಸಿಂಕ್ ಅರ್ಧ ಕಡತವನ್ನು ಎತ್ತಿಕೊಂಡು ಹೋಗಬಹುದು, ಮೇಲಾಗಿ ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಎರಡು ಪೆನ್‌ಡ್ರೈವ್ ಕೊಂಡು, ಒಂದು ದಿನ ಒಂದು, ಮರುದಿನ ಇನ್ನೊಂದು ಎಂದು ಸರದಿಯಲ್ಲಿ ಬಳಸಿ, ಆ ದಿನದ್ದನ್ನು ಸಂಜೆ ಮನೆಗೆ ಒಯ್ಯುವುದು ಎಲ್ಲಕ್ಕಿಂತ ಸುಲಭ.

ಈಗ ನೀವು ಕೇಳದಿದ್ದರೂ ಕೇಳಬೇಕಾಗಿದ್ದ ಪ್ರಶ್ನೆಗೆ ಬರುತ್ತೇನೆ. ಬ್ಯಾಕಪ್ ಬಗ್ಗೆ ಹತ್ತು ಜನ ಕೇಳಿದರೆ ರಿಸ್ಟೋರ್ ಬಗ್ಗೆ, ಅಂದರೆ ಬ್ಯಾಕಪ್‌ನಿಂದ ಲೆಕ್ಕವನ್ನು ಮರಳಿ ತರುವ ಬಗ್ಗೆ, ಒಬ್ಬರೂ ಕೇಳುವುದಿಲ್ಲ, ಆದರೆ ನಾನು ಕಣ್ಣಾರೆ ಕಂಡ ಅತಿ ದೊಡ್ಡ ನಷ್ಟ ರಿಸ್ಟೋರ್‌ನಿಂದಲೇ ಆದದ್ದು. ನನ್ನ ಬಳಿ ಕಲಿತುಹೋದ ಹುಡುಗನೊಬ್ಬ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ. ಜೂನ್ ತಿಂಗಳಲ್ಲಿ, ಮಾರ್ಚ್‌ನ ಒಂದು ಖಾತೆಯ ಮೊತ್ತ ಹಿಂದೆ ಎಷ್ಟಿತ್ತೆಂದು ನೋಡುವ ಸಲುವಾಗಿ ಮಾರ್ಚ್ 31ರ ಬ್ಯಾಕಪ್ ಅನ್ನು ರಿಸ್ಟೋರ್ ಮಾಡಿದ. ಎಲ್ಲಿಗೆ ಎಂಬ ಕಡೆ ಮೊದಲಿನಿಂದ ಇದ್ದ ದಾರಿಯನ್ನೇ ಬಿಟ್ಟ. ಈ ಕಂಪನಿ ಅಲ್ಲಿ ಈಗಾಗಲೇ ಇದೆ, ಅದರ ಮೇಲೆಯೇ ಬರೆಯಲೇ ಎಂದು ಪರದೆ ಕೇಳಿತು, ಅವನು ವೈ ಒತ್ತಿದ. ಏಪ್ರಿಲ್‌ನಿಂದ ಜೂನ್‌ವರೆಗಿನ ಲೆಕ್ಕವೆಲ್ಲ ಆ ಒಂದು ಕೀಲಿಯಲ್ಲಿ ಹೋಯಿತು. ಬಿಲ್ ಪುಸ್ತಕಗಳನ್ನೂ ಬ್ಯಾಂಕ್ ಸ್ಟೇಟ್‌ಮೆಂಟನ್ನೂ ಹರಡಿಕೊಂಡು ಮತ್ತೆ ಬರೆಯಲು ಅವನಿಗೆ ಹನ್ನೊಂದು ದಿನ ಹಿಡಿಯಿತು. ತಪ್ಪು ಅವನದೊಬ್ಬನದೇ ಅಲ್ಲ. ತರಗತಿಯಲ್ಲಿ ರಿಸ್ಟೋರ್ ಪಾಠವನ್ನು ಕೊನೆಯ ದಿನದ ಕೊನೆಯ ಹತ್ತು ನಿಮಿಷಕ್ಕೆ ಇಟ್ಟಿದ್ದವನು ನಾನು. ಈಗ ಅದನ್ನು ಮೊದಲ ವಾರದಲ್ಲೇ ಮಾಡಿಸುತ್ತೇನೆ.

ಮಾಡುವ ಕ್ರಮ ಹೀಗಿದೆ. ‘ಪರೀಕ್ಷೆ’ ಎಂದೋ ಮತ್ತೇನೋ ಹೆಸರಿನ ಖಾಲಿ ಫೋಲ್ಡರ್ ಒಂದನ್ನು ಮಾಡಿ, ರಿಸ್ಟೋರ್ ಪರದೆಯಲ್ಲಿ ಅದರ ದಾರಿಯನ್ನೇ ಕೊಟ್ಟು, ಕಂಪನಿಯನ್ನು ಅಲ್ಲಿಂದಲೇ ತೆರೆಯಿರಿ. ತೆರೆಯಿತು ಎಂದಾಕ್ಷಣ ಮುಚ್ಚಬೇಡಿ. ಸ್ಟೇಟ್‌ಮೆಂಟ್ಸ್ ಆಫ್ ಅಕೌಂಟ್ಸ್ ಅಡಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಎಂಬ ವರದಿಯಿದೆ, ಯಾರೂ ತೆರೆಯದ ಆದರೆ ಬಹಳ ಕೆಲಸಕ್ಕೆ ಬರುವ ವರದಿ. ಸೇಲ್ಸ್ ಎಷ್ಟು, ಪರ್ಚೇಸ್ ಎಷ್ಟು, ರಿಸೀಟ್ ಎಷ್ಟು, ಲೆಡ್ಜರ್ ಎಷ್ಟು ಎಂದು ಅದು ಎಣಿಸಿ ತೋರಿಸುತ್ತದೆ. ಬ್ಯಾಕಪ್ ತೆಗೆದ ದಿನ ಮೂಲ ಕಂಪನಿಯ ಈ ಎಣಿಕೆಯನ್ನು ಒಂದು ಚೀಟಿಯಲ್ಲಿ ಬರೆದುಕೊಂಡಿದ್ದು, ರಿಸ್ಟೋರ್ ಆದದ್ದರ ಎಣಿಕೆಯನ್ನು ಪಕ್ಕದಲ್ಲಿ ಇಟ್ಟು ನೋಡಿದರೆ, ಸೇಲ್ಸ್ ಅಲ್ಲಿ 4,312 ಇದ್ದದ್ದು ಇಲ್ಲೂ 4,312 ಇದೆಯೇ ಎಂಬುದು ಎರಡು ನಿಮಿಷದಲ್ಲಿ ತಿಳಿಯುತ್ತದೆ. ಜೊತೆಗೆ ಡೇ ಬುಕ್‌ನ ಕೊನೆಯ ದಿನಾಂಕವನ್ನೂ ಟ್ರಯಲ್ ಬ್ಯಾಲೆನ್ಸ್‌ನ ಮೊತ್ತವನ್ನೂ ತಾಳೆ ನೋಡಿ. ಇದಾದ ಮೇಲೆಯೇ ಕಂಪ್ಯೂಟರನ್ನು ಫಾರ್ಮ್ಯಾಟ್‌ಗೆ ಕೊಡಿ, ಸಾಧ್ಯವಿದ್ದರೆ ಈ ಪರೀಕ್ಷೆಯನ್ನು ಬೇರೆ ಕಂಪ್ಯೂಟರ್‌ನಲ್ಲೇ ಮಾಡಿ. ಅಲ್ಲಿರುವ ಟ್ಯಾಲಿ ನಿಮ್ಮದಕ್ಕಿಂತ ಹಳೆಯ ಆವೃತ್ತಿಯಾಗಿರಬಾರದು. ಹೊಸದರಲ್ಲಿ ತೆಗೆದದ್ದು ಹಳೆಯದರಲ್ಲಿ ತೆರೆಯದಿರಬಹುದು. ಇಆರ್‌ಪಿ 9ರ ಬ್ಯಾಕಪ್ ಅನ್ನು ಈಗಿನ ಟ್ಯಾಲಿಪ್ರೈಮ್‌ಗೆ ತಂದರೆ ಮೈಗ್ರೇಟ್ ಮಾಡಬೇಕಾಗುತ್ತದೆ, ಅಂದರೆ ಹೊಸ ಆವೃತ್ತಿಯ ರೂಪಕ್ಕೆ ಬದಲಿಸಬೇಕಾಗುತ್ತದೆ.

ನಾಲ್ಕು ವರ್ಷದ ಲೆಕ್ಕವೆಂದು ಬರೆದಿದ್ದೀರಿ. ರಿಟರ್ನ್ ಸಲ್ಲಿಸಿ ಆಯಿತಲ್ಲ, ಹಳೆಯದೇಕೆ ಎಂದುಕೊಳ್ಳಬೇಡಿ. ಜಿಎಸ್‌ಟಿ ಕಾಯ್ದೆಯ 36ನೆಯ ಕಲಮಿನ ಪ್ರಕಾರ ಆ ವರ್ಷದ ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕಪುಸ್ತಕಗಳನ್ನು ಉಳಿಸಿಕೊಳ್ಳಬೇಕು. 2023-24ರ ವಾರ್ಷಿಕ ರಿಟರ್ನ್‌ಗೆ 2024ರ ಡಿಸೆಂಬರ್ 31 ಕೊನೆಯ ದಿನವಾಗಿದ್ದುದರಿಂದ ಆ ವರ್ಷದ ಲೆಕ್ಕ 2030ರ ಡಿಸೆಂಬರ್ 31ರವರೆಗೆ ನಿಮ್ಮಲ್ಲಿ ಇರಬೇಕು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಎಲ್ಲ ಇದೆ ಎನ್ನುವವರು ಅಲ್ಲಿ ಏನಿದೆ ಎಂದು ಒಮ್ಮೆ ನೋಡಲಿ: ಜಿಎಸ್‌ಟಿಆರ್-3ಬಿ ಎಂಬ ಸಾರಾಂಶ ರಿಟರ್ನ್‌ನಲ್ಲಿ ಒಟ್ಟು ಮೊತ್ತಗಳಷ್ಟೇ ಇವೆ, ಯಾವ ಗಿರಾಕಿ ಎಷ್ಟು ಉದ್ರಿ ಉಳಿಸಿಕೊಂಡಿದ್ದಾನೆ ಎಂಬುದು ಇಲ್ಲ. ನಿಮ್ಮದು ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ನಿಯಮ ಇನ್ನೂ ಬಿಗಿ: ಎಂಟು ಹಣಕಾಸು ವರ್ಷಗಳ ಪುಸ್ತಕ ಉಳಿಸಬೇಕು, 2022ರ ಆಗಸ್ಟ್‌ನ ತಿದ್ದುಪಡಿಯ ನಂತರ ವಿದ್ಯುನ್ಮಾನ ಪುಸ್ತಕಗಳ ಬ್ಯಾಕಪ್ ಅನ್ನು ಭಾರತದಲ್ಲೇ ಇರುವ ಸರ್ವರ್‌ನಲ್ಲಿ ದಿನವೂ ಇಡಬೇಕು.

ಲೆಕ್ಕಕ್ಕೆ ಬೀಗ ಹಾಕುವ ಟ್ಯಾಲಿವಾಲ್ಟ್ ಪಾಸ್‌ವರ್ಡ್ ಹಾಕಿಕೊಂಡಿದ್ದೀರಾ ಎಂಬುದನ್ನು ನೀವು ತಿಳಿಸಿಲ್ಲ. ಕಂಪನಿ ಪಟ್ಟಿಯಲ್ಲಿ ಹೆಸರಿನ ಬದಲು ನಕ್ಷತ್ರ ಚಿಹ್ನೆಗಳು ಕಾಣುತ್ತಿದ್ದರೆ ಹಾಕಿದ್ದೀರಿ ಎಂದರ್ಥ. ಆಗ ಬ್ಯಾಕಪ್ ಕೂಡ ಅದೇ ಬೀಗದೊಳಗಿರುತ್ತದೆ, ಮತ್ತು ಮರೆತ ವಾಲ್ಟ್ ಪಾಸ್‌ವರ್ಡನ್ನು ಟ್ಯಾಲಿ ಕಂಪನಿಯವರೂ ತೆಗೆದುಕೊಡಲಾರರು. ಈಗ ಅದನ್ನು ಬಲ್ಲವರು ನಿಮ್ಮ ಅಕೌಂಟೆಂಟ್ ಒಬ್ಬರೇ ಆಗಿದ್ದರೆ ಶನಿವಾರವೇ ಕೇಳಿ ಕಾಗದದ ಮೇಲೆ ಬರೆಸಿಕೊಳ್ಳಿ, ಲಕೋಟೆಯಲ್ಲಿ ಹಾಕಿ, ಪೆನ್‌ಡ್ರೈವ್ ಇಡುವ ಜಾಗ ಬಿಟ್ಟು ಬೇರೆ ಕಡೆ ಇಡಿ.