ರಣಹದ್ದು: ಐದು ಜಾತಿ ಇದ್ದರೂ ಕೆಲಸ ನಿಂತಿದ್ದು ಹೇಗೆ?

ಒಂದೇ ಕೆಲಸಕ್ಕೆ ನಾಲ್ಕಾರು ಜಾತಿಯ ಜೀವಿಗಳಿದ್ದರೆ, ಒಂದು ಹೋದರೂ ಇನ್ನೊಂದು ನಿಭಾಯಿಸುತ್ತದೆ. ಜೀವವೈವಿಧ್ಯದ ಲಾಭ ಹೇಳುವಾಗ ಈ ಮಾತು ಬಂದೇ ಬರುತ್ತದೆ. ಭಾರತದ ರಣಹದ್ದುಗಳ ವಿಷಯದಲ್ಲಿ ಮಾತ್ರ ಈ ಲೆಕ್ಕ ಕೈಕೊಟ್ಟಿತು.

ಮೊದಲೆಲ್ಲ ಸತ್ತ ದನವನ್ನು ಊರಾಚೆ ಎಸೆದರೆ ಸಾಕಿತ್ತು. ಬಿಳಿ ಬೆನ್ನಿನ, ಉದ್ದ ಕೊಕ್ಕಿನ, ಸಪೂರ ಕೊಕ್ಕಿನ ರಣಹದ್ದುಗಳು ಹಿಂಡುಹಿಂಡಾಗಿ ಇಳಿದು ಮಾಂಸ ಮುಗಿಸುತ್ತಿದ್ದವು. ಗಟ್ಟಿ ಚರ್ಮ ಹರಿಯಲು ಕೆಂಪು ತಲೆಯ ರಣಹದ್ದು. ಉಳಿದ ಚೂರುಪಾರು ಪುಟ್ಟ ಈಜಿಪ್ಟ್ ರಣಹದ್ದಿಗೆ.

1990ರ ದಶಕದಲ್ಲಿ ಭರತಪುರದ ಕೇವಲಾದೇವ್ ಉದ್ಯಾನದಲ್ಲಿ ಹಕ್ಕಿಗಳು ಕತ್ತು ಜೋತುಬಿಟ್ಟು ಕೂರುವುದನ್ನು, ಸಾಯುವುದನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್ ಗಮನಿಸಿದರು. ಮೊದಲ ಅನುಮಾನ ವೈರಸ್ ಮೇಲೆ. ನಿಜವಾದ ಕಾರಣ ಪಾಕಿಸ್ತಾನದಲ್ಲಿ ನಡೆದ ಅಧ್ಯಯನದಿಂದ 2004ರಲ್ಲಿ ಗೊತ್ತಾಯಿತು. ದನಗಳ ನೋವು, ಊತಕ್ಕೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿ! ಔಷಧಿ ಕೊಟ್ಟ ಬೆನ್ನಲ್ಲೇ ಸತ್ತ ದನವನ್ನು ತಿಂದರೆ ಹಕ್ಕಿಯ ಕಿಡ್ನಿ ಕೈಕೊಡುತ್ತದೆ.

ನೂರು ಸತ್ತ ದನಗಳಲ್ಲಿ ಒಂದರಲ್ಲಿ ವಿಷವಿದ್ದರೂ ಸಾಕು, ಸಂತತಿ ನೆಲಕಚ್ಚುತ್ತದೆ ಎಂದು ಲೆಕ್ಕ ಹಾಕಿದವರು ಕಂಡುಕೊಂಡರು. ಒಂದು ದನಕ್ಕೆ ಹತ್ತಾರು ಹಕ್ಕಿಗಳು ಮುಗಿಬೀಳುತ್ತವೆ. ಒಂದು ಜೋಡಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಸತ್ತಷ್ಟು ಬೇಗ ಹುಟ್ಟಲಾರವು, ಅಲ್ವಾ? 1992ರಿಂದ 2007ರೊಳಗೆ ಬಿಳಿ ಬೆನ್ನಿನವು ಶೇ 99.9ರಷ್ಟು, ಉದ್ದ ಕೊಕ್ಕಿನವು, ಸಪೂರ ಕೊಕ್ಕಿನವು ಸೇರಿ ಶೇ 97ರಷ್ಟು ಕಡಿಮೆಯಾದವು. ಮೂರೂ ಹತ್ತಿರದ ನೆಂಟರು, ಮೂರಕ್ಕೂ ಅದೇ ಔಷಧಿ ವಿಷ. ಕೆಂಪು ತಲೆಯದ್ದು, ಈಜಿಪ್ಟಿನದ್ದು ಕೂಡ ತೀರಾ ವಿರಳವಾದವು.

ಖಾಲಿ ಜಾಗಕ್ಕೆ ನಾಯಿಗಳು ಬಂದವು. ಅವು ಮಾಂಸ ತಿನ್ನುತ್ತವೆ ನಿಜ, ಆದರೆ ರಣಹದ್ದಿನಷ್ಟು ಬೇಗ, ಅಷ್ಟು ಚೊಕ್ಕಟವಾಗಿ ಅಲ್ಲ. ರೇಬೀಸ್ ಭಯ ಬೇರೆ ಜಾಸ್ತಿಯಾಯಿತು.

2006ರಲ್ಲಿ ದನಗಳಿಗೆ ಈ ಔಷಧಿ ನಿಷೇಧವಾಯಿತು. ಆದರೆ ಜನರಿಗೆಂದು ಬರುತ್ತಿದ್ದ ದೊಡ್ಡ ಬಾಟಲಿಗಳ ಔಷಧಿಯನ್ನೇ ದನಕ್ಕೆ ಚುಚ್ಚತೊಡಗಿದರು. 2015ರಲ್ಲಿ ಬಾಟಲಿಯ ಅಳತೆಯನ್ನೇ 3 ಮಿ.ಲೀ.ಗೆ ಇಳಿಸಬೇಕಾಯಿತು. ದನದ ದೇಹದಲ್ಲಿ ಡೈಕ್ಲೋಫೆನಾಕ್ ಆಗಿ ಬದಲಾಗುವ ಅಸಿಕ್ಲೋಫೆನಾಕ್ ನಿಷೇಧವಾಗಿದ್ದು 2023ರಲ್ಲಿ. ತಡವಾಯಿತು ಅನ್ನದೆ ವಿಧಿಯಿಲ್ಲ. ಅದೇ ಕೆಲಸ ಮಾಡುವ ಇನ್ನೊಂದು ಔಷಧಿ ಮೆಲೋಕ್ಸಿಕ್ಯಾಮ್ ರಣಹದ್ದಿಗೆ ಸುರಕ್ಷಿತ ಎಂದು 2006ರಲ್ಲೇ ಗೊತ್ತಿತ್ತು.

ರಾಮನಗರದ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮ ಮಾಡಲಾಯಿತು. ಉದ್ದ ಕೊಕ್ಕಿನವು ಅಲ್ಲಿನ ಬಂಡೆಗಳ ಮೇಲೆ ಗೂಡು ಕಟ್ಟುತ್ತವೆ. ಧಾಮ ಇರುವುದು ಸುಮಾರು 346 ಹೆಕ್ಟೇರ್. ಹಕ್ಕಿ ಊಟಕ್ಕೆ ಹತ್ತಾರು ಕಿಲೋಮೀಟರ್ ಹಾರುತ್ತದೆ. ಧಾಮದಾಚೆ ಸತ್ತ ದನಕ್ಕೆ ಕೊನೆಗೆ ಯಾವ ಇಂಜೆಕ್ಷನ್ ಕೊಟ್ಟಿದ್ದರು ಎನ್ನುವುದು ಅರಣ್ಯ ಇಲಾಖೆಯ ಕೈಯಲ್ಲಿಲ್ಲ.