ನಲವತ್ತೈದು ಡಿಗ್ರಿಯಲ್ಲಿ ವ್ಯಾನಿನ ಅಡುಗೆಮನೆ

ಏಪ್ರಿಲ್ ಮಧ್ಯಾಹ್ನ ರಾಯಚೂರಿನಲ್ಲಿ ನೆರಳಲ್ಲೇ 42 ಡಿಗ್ರಿ ಇರುವುದು ಹೊಸ ಸುದ್ದಿಯಲ್ಲ. ಅದೇ ಹೊತ್ತಿನಲ್ಲಿ ಕಿಟಕಿ ಮುಚ್ಚಿ ಬಿಸಿಲಿಗೆ ನಿಲ್ಲಿಸಿದ ವ್ಯಾನಿನ ಒಳಗೆ ಇನ್ನೂ ಹದಿನೈದಿಪ್ಪತ್ತು ಡಿಗ್ರಿ ಜಾಸ್ತಿ ಇರುತ್ತದೆ. ಆ ವ್ಯಾನಿನಲ್ಲೇ ಮಂಚ, ಒಲೆ, ಫ್ರಿಜ್ ಎಲ್ಲ ಇದ್ದರೆ ಅದು ಕ್ಯಾರವಾನ್. ಹಂಪಿ, ಆನೆಗೊಂದಿ, ಸಣಾಪುರದ ಕಡೆ ಹೋದವರು ಇಂಥ ಗಾಡಿಗಳನ್ನು ನೋಡಿರುತ್ತೀರಿ. ಟ್ರಾವೆಲರ್ ಗಾಡಿ ಕೊಂಡು ಹಾಗೆ ಮಾಡಿಸಿಕೊಳ್ಳುವ ಆಸೆ ನಮ್ಮೂರುಗಳಲ್ಲೂ ಹಲವರಿಗೆ ಬಂದಿದೆ.

ಆಸೆ ಬಂದ ಕೂಡಲೇ ಬರುವ ಪ್ರಶ್ನೆ, ಅಡುಗೆಗೆ ಏನೇನು ಹಾಕಿಸೋದು ಅಂತ. ಸಿಗುವ ಸಲಹೆಗಳೆಲ್ಲ ಹೆಚ್ಚಾಗಿ ಯುರೋಪಿನವು. ಅಲ್ಲಿನ ಚಿಂತೆ ಚಳಿಯದು, ನಮ್ಮದು ಬಿಸಿಲಿನದು. ಹಾಗಾಗಿ ಲೆಕ್ಕವೇ ಬೇರೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಸೀಮೆಯಲ್ಲಿ ಓಡಾಡುವ ಗಾಡಿಗೆ ಫ್ರಿಜ್ ಕರೆಂಟಿನದಿರಲಿ, ಒಲೆ ಗ್ಯಾಸಿನದಿರಲಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇನೆ.

ಮೊದಲು ಫ್ರಿಜ್. ಬಳ್ಳಾರಿಯ ಬಾಡಿ ಕಟ್ಟುವ ಶೆಡ್ ಒಂದರಲ್ಲಿ ಹಳೆಯ ಕ್ಯಾರವಾನ್ ಬಿಚ್ಚುವಾಗ ನಾನಿದ್ದೆ. ಒಳಗಿದ್ದದ್ದು ಹೊರದೇಶದ ಫ್ರಿಜ್. ಅದನ್ನು ಹೊರಗೆಳೆದು ತಿರುಗಿಸಿದರೆ ಹಿಂದೆ ಕಪ್ಪು ಕೊಳವೆಗಳ ಸುತ್ತು, ನಡುನಡುವೆ ತಗಡಿನ ರೆಕ್ಕೆಗಳು. ರೆಕ್ಕೆಗಳ ಸಂದಿಯಲ್ಲಿ ಸಂಡೂರು ರಸ್ತೆಯ ಅದಿರಿನ ಕೆಂಪು ಧೂಳು ಒತ್ತಾಗಿ ಕೂತಿತ್ತು, ಬೆರಳಿಂದ ಕೆರೆದರೆ ಹೆಪ್ಪಿನ ಹಾಗೆ ಎದ್ದು ಬಂತು. ಮೆಕ್ಯಾನಿಕ್ ಸುತ್ತ ಹುಡುಕಿ ನೋಡಿ, "ಇದ್ರಾಗ ಕಂಪ್ರೆಸರ್ರೇ ಇಲ್ಲಲ್ರೀ ಸರ, ತಂಪು ಹೆಂಗ ಆಗ್ತದ?" ಅಂದ.

ಅವನ ಪ್ರಶ್ನೆ ನ್ಯಾಯವಾದದ್ದೇ. ಅದು ಅಬ್ಸಾರ್ಪ್ಶನ್ ಫ್ರಿಜ್. 1922ರಲ್ಲಿ ಸ್ಟಾಕ್‌ಹೋಮಿನ ಇಬ್ಬರು ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಬಾಲ್ಟ್ಸರ್ ವಾನ್ ಪ್ಲಾಟನ್ ಮತ್ತು ಕಾರ್ಲ್ ಮುಂಟರ್ಸ್, ಕಂಡುಹಿಡಿದದ್ದು. 1925ರಿಂದ ಎಲೆಕ್ಟ್ರೋಲಕ್ಸ್ ಕಂಪನಿ ಅದನ್ನು ತಯಾರಿಸತೊಡಗಿತು. ಇದರಲ್ಲಿ ತಿರುಗುವ ಭಾಗ ಒಂದೂ ಇಲ್ಲ. ಕೆಳಗೆ ಒಂದು ಸಣ್ಣ ಗ್ಯಾಸ್ ಉರಿ ಅಥವಾ ಹೀಟರ್ ಇರುತ್ತದೆ. ನೀರಿನಲ್ಲಿ ಕರಗಿದ ಅಮೋನಿಯಾವನ್ನು ಅದು ಕಾಯಿಸಿ ಆವಿ ಮಾಡುತ್ತದೆ. ಆವಿ ಮೇಲೇರಿ ಹಿಂದಿನ ರೆಕ್ಕೆಗಳಲ್ಲಿ ಆರಿ ದ್ರವವಾಗುತ್ತದೆ. ಆಮೇಲೆ ಫ್ರಿಜ್ಜಿನೊಳಗಿನ ಕೊಳವೆಗೆ ಇಳಿದು ಹೈಡ್ರೋಜನ್ ಜೊತೆ ಸೇರುತ್ತದೆ. ಹೈಡ್ರೋಜನ್ ಇರುವುದರಿಂದ ಅಲ್ಲಿ ಅಮೋನಿಯಾದ ಪಾಲಿನ ಒತ್ತಡ ಕಡಿಮೆ. ಅದು ಸಲೀಸಾಗಿ ಆವಿಯಾಗಿ, ಆವಿಯಾಗಲು ಬೇಕಾದ ಕಾವನ್ನು ಫ್ರಿಜ್ಜಿನೊಳಗಿನಿಂದ ಎಳೆದುಕೊಳ್ಳುತ್ತದೆ. ಕೊನೆಗೆ ನೀರು ಅಮೋನಿಯಾವನ್ನು ಮತ್ತೆ ಹೀರಿಕೊಂಡು ಕೆಳಗೆ ಹರಿಯುತ್ತದೆ. ಉರಿ ಹಚ್ಚಿ ತಂಪು ಪಡೆಯುವ ಈ ಉಪಾಯ ನನಗೆ ಇವತ್ತಿಗೂ ಬೆರಗು. ಐನ್‌ಸ್ಟೈನ್ ಕೂಡ ಲಿಯೋ ಜಿಲಾರ್ಡ್ ಎಂಬ ಭೌತವಿಜ್ಞಾನಿಯ ಜೊತೆ ಸೇರಿ ತಿರುಗುವ ಭಾಗವಿಲ್ಲದ ಇನ್ನೊಂದು ಫ್ರಿಜ್ ರೂಪಿಸಿ 1930ರಲ್ಲಿ ಅಮೆರಿಕದ ಪೇಟೆಂಟ್ ಪಡೆದಿದ್ದರು.

ಇಷ್ಟು ಚಂದದ ಯಂತ್ರವನ್ನು ಯಾಕೆ ಬೇಡ ಅನ್ನುತ್ತೇನೆ? ಮೊದಲನೆಯದು, ದ್ರವ ತಾನಾಗಿ ಕೆಳಗೆ ಹರಿಯಬೇಕಾದ್ದರಿಂದ ಗಾಡಿ ಸಮತಟ್ಟಾಗಿ ನಿಂತಿರಬೇಕು. ಸಣಾಪುರದ ಬಂಡೆಗಳ ನಡುವೆ ಅಂಥ ಜಾಗ ಹುಡುಕಿ ನೋಡಿ, ಗೊತ್ತಾಗುತ್ತದೆ. ಓರೆಯಾಗಿ ನಿಂತರೆ ಹರಿವು ನಿಂತು, ಅಮೋನಿಯಾ ಕಾಯಿಸುವ ಕೆಳಗಿನ ಭಾಗ, ಅಂದರೆ ಬಾಯ್ಲರ್, ಸುಮ್ನೆ ಕಾಯುತ್ತದೆ, ಕ್ರಮೇಣ ಕೊಳವೆಯೇ ಕೆಡುತ್ತದೆ. ಎರಡನೆಯದು, 12 ವೋಲ್ಟ್‌ನಲ್ಲಿ ನಡೆಸಿದರೆ ಅದರ ಹೀಟರ್ 150 ವ್ಯಾಟ್ ಆಸುಪಾಸು ಎಳೆಯುತ್ತದೆ. ದಿನವಿಡೀ ಓಡಿದರೆ 3.6 ಯೂನಿಟ್. 100 ಆಂಪಿಯರ್ ಅವರ್‌ನ ಒಂದು ಲಿಥಿಯಂ ಬ್ಯಾಟರಿಯಲ್ಲಿ ಇರುವುದೇ 1.28 ಯೂನಿಟ್! ಗ್ಯಾಸಿನಲ್ಲಿ ನಡೆಸಬಹುದು, ನಿಜ. ಆದರೆ ಪೆಟ್ರೋಲ್ ಬಂಕಿಗೆ ಹೋಗುವ ಮುಂಚೆ ಪ್ರತಿ ಸಲ ಉರಿ ಆರಿಸಬೇಕು.

ಮೂರನೆಯದೇ ಮುಖ್ಯ, ನಮ್ಮ ಧಗೆ. ಫ್ರಿಜ್ಜಿನ ಒಳಗೆ 5 ಡಿಗ್ರಿ ಬೇಕು ಅಂದುಕೊಳ್ಳಿ. ಸ್ವೀಡನ್ನಿನ ಒಳ್ಳೆ ಬೇಸಿಗೆಯಲ್ಲಿ ಹೊರಗೆ 25, ಅಂತರ 20 ಡಿಗ್ರಿ. ನಮ್ಮಲ್ಲಿ ಫ್ರಿಜ್ಜಿನ ಬೆನ್ನ ಹಿಂದೆ 45, ಅಂತರ 40. ಅಂತರ ಎರಡರಷ್ಟಾದರೆ ಗೋಡೆಯ ಮೂಲಕ ಒಳಗೆ ನುಗ್ಗುವ ಕಾವೂ ಎರಡರಷ್ಟಾಗುತ್ತದೆ. ಇದು ಅರ್ಧ ಕಥೆ ಮಾತ್ರ. ನುಗ್ಗಿದ ಪ್ರತಿ ಕಣ ಕಾವನ್ನೂ ಈಗ ಎರಡರಷ್ಟು ಎತ್ತರಕ್ಕೆ ಎತ್ತಿ ಹೊರಗೆ ಹಾಕಬೇಕು. ಬಾವಿಯ ಆಳ ಎರಡರಷ್ಟಾಗಿ, ಸೇದಬೇಕಾದ ಕೊಡಗಳೂ ಎರಡರಷ್ಟಾದ ಹಾಗೆ. ಒಟ್ಟು ಕೆಲಸ ನಾಲ್ಕು ಪಟ್ಟು. ಅಂತರದ ವರ್ಗಕ್ಕೆ ತಕ್ಕಂತೆ ಕೆಲಸ ಏರುತ್ತದೆ ಅಂತ ನೆನಪಿಡಿ. ಲೇಖನದಲ್ಲಿ ಇದೊಂದೇ ಉಳಿದರೂ ಸಾಕು.

ಇದೇ ಲೆಕ್ಕವನ್ನು ತಿರುಗಿಸಿ ಹಾಕಿದರೆ ಲಾಭ ಕಾಣುತ್ತದೆ. ಫ್ರಿಜ್ಜಿನ ಬೆನ್ನ ಹಿಂದಿನ ಗಾಳಿಯನ್ನು 45ರಿಂದ 35ಕ್ಕೆ ಇಳಿಸಿದರೆ ಅಂತರ 40ರಿಂದ 30 ಆಗುತ್ತದೆ. ವರ್ಗದ ಲೆಕ್ಕದಲ್ಲಿ ಕೆಲಸ 1600ರ (40×40) ಬದಲು 900 (30×30), ಅಂದರೆ ಹತ್ತಿರ ಹತ್ತಿರ ಅರ್ಧ. ಇದಕ್ಕೆ ದುಬಾರಿ ಫ್ರಿಜ್ ಬೇಕಿಲ್ಲ. ಗಾಡಿಯನ್ನು ಬೇವಿನ ಮರದ ನೆರಳಿಗೆ ನಿಲ್ಲಿಸಿ. ಫ್ರಿಜ್ ಇರುವ ಪಕ್ಕ ಪಡುವಣ ಬಿಸಿಲಿಗೆ ಬೀಳದಂತೆ ನೋಡಿಕೊಳ್ಳಿ. ಹಿಂದೆ ಕೆಳಗೊಂದು, ಮೇಲೊಂದು ಗಾಳಿಕಿಂಡಿ ಇಟ್ಟು ಸಣ್ಣ ಫ್ಯಾನ್ ಹಾಕಿಸಿ. ಕೆಂಪು ಧೂಳನ್ನು ಆಗಾಗ ಬ್ರಷ್‌ನಿಂದ ಉದುರಿಸಿ. ಧೂಳು ತುಂಬಿದ ರೆಕ್ಕೆಗೆ ಕಾವು ಬಿಟ್ಟುಕೊಡಲು ಆಗುವುದಿಲ್ಲ, ಅಲ್ವಾ? ಬಡಗಿಗಳು ಅಂದಕ್ಕಾಗಿ ಫ್ರಿಜ್ಜನ್ನು ಪ್ಲೈವುಡ್ ಪೆಟ್ಟಿಗೆಯಲ್ಲಿ ಬಿಗಿಯಾಗಿ ಕೂರಿಸುತ್ತಾರೆ. ನನಗೆ ಅದನ್ನು ನೋಡಿದಾಗಲೆಲ್ಲ ಸಂಕಟ ಆಗುತ್ತದೆ.

ಕೊಳ್ಳುವಾಗ ಫ್ರಿಜ್ಜಿನ ಮೇಲಿರುವ ಚೀಟಿ ಓದಿ. ಅದರಲ್ಲಿ ಹವಾಮಾನದ ದರ್ಜೆ ಬರೆದಿರುತ್ತಾರೆ. 'ಎನ್' ಅಂದರೆ ಸುತ್ತಲಿನ ಗಾಳಿ 32 ಡಿಗ್ರಿ ಇರುವ ತನಕ ಸರಿಯಾಗಿ ಓಡುತ್ತದೆ, 'ಎಸ್‌ಟಿ' ಅಂದರೆ 38, 'ಟಿ' ಅಂದರೆ 43. ನಮಗೆ 'ಟಿ' ಬಿಟ್ಟು ಬೇರೆ ಬೇಡ. ಅದರ ಮಿತಿಯನ್ನೂ ನಮ್ಮ ಮೇ ತಿಂಗಳು ದಾಟುತ್ತದೆ, ಅದಕ್ಕೇ ಗಾಳಿಕಿಂಡಿ.

ಹಾಗಾಗಿ ನನ್ನ ಆಯ್ಕೆ 12 ವೋಲ್ಟ್‌ನ ಕಂಪ್ರೆಸರ್ ಫ್ರಿಜ್. 50–60 ಲೀಟರಿನದು ಓಡುವಾಗ ಸುಮಾರು 50 ವ್ಯಾಟ್ ಎಳೆಯುತ್ತದೆ. ಬೇಸಿಗೆಯಲ್ಲಿ ದಿನಕ್ಕೆ 16 ಗಂಟೆ ಓಡಿತು ಅಂತಲೇ ಇಟ್ಟುಕೊಳ್ಳಿ, 0.8 ಯೂನಿಟ್. ಚಾವಣಿಯ ಮೇಲೆ 300 ವ್ಯಾಟ್‌ನ ಸೋಲಾರ್ ಪ್ಯಾನೆಲ್ ಇದ್ದರೆ ನಮ್ಮ ಬಿಸಿಲಿಗೆ ದಿನಕ್ಕೆ ಒಂದು ಯೂನಿಟ್ ಬರುವುದು ಕಷ್ಟವಲ್ಲ. ಪ್ಯಾನೆಲ್‌ಗೂ ಧಗೆ ಆಗಿಬರುವುದಿಲ್ಲ ಅನ್ನುವುದು ನಿಜ. 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೆ ಸುಮಾರು ಶೇಕಡಾ 0.35 ಕಡಿಮೆ ಆಗುತ್ತಾ ಹೋಗಿ, ಪ್ಯಾನೆಲ್ 65 ಡಿಗ್ರಿಗೆ ಕಾದಾಗ ಶೇಕಡಾ 14ರಷ್ಟು ಕೈಬಿಡುತ್ತದೆ. ಆದರೂ ಫ್ರಿಜ್ ಜಾಸ್ತಿ ದುಡಿಯುವ ಹೊತ್ತಿಗೇ ಸೂರ್ಯನೂ ಜಾಸ್ತಿ ಕೊಡುತ್ತಾನೆ. ಈ ಹೊಂದಾಣಿಕೆ ಬಿಸಿಲ ಸೀಮೆಗೆ ಸಿಕ್ಕ ವರ.

ಅಗ್ಗಕ್ಕೆ ಸಿಗುತ್ತದೆ ಅಂತ ಮನೆಯ ಸಿಂಗಲ್ ಡೋರ್ ಫ್ರಿಜ್ಜನ್ನೇ ಇನ್ವರ್ಟರ್ ಹಾಕಿ ಕೂರಿಸುವವರಿದ್ದಾರೆ. ತಪ್ಪೇನಿಲ್ಲ. ಆದರೆ ಇನ್ವರ್ಟರ್ ಸುಮ್ನೆ ಆನ್ ಇದ್ದರೂ 15–20 ವ್ಯಾಟ್ ತಿನ್ನುತ್ತದೆ, ದಿನಕ್ಕೆ ಅರ್ಧ ಯೂನಿಟ್‌ವರೆಗೆ. ಇನ್ನೊಂದು ವಿಷಯ ವೈರಿನದು. 12 ವೋಲ್ಟ್‌ನಲ್ಲಿ ಕರೆಂಟಿನ ಆಂಪಿಯರ್ ಜಾಸ್ತಿ, ತೆಳು ವೈರಿನಲ್ಲಿ ವೋಲ್ಟೇಜ್ ಉದುರುತ್ತದೆ. ಬ್ಯಾಟರಿಯಿಂದ ಐದು ಮೀಟರ್ ದೂರದ ಫ್ರಿಜ್‌ಗೆ 1.5 ಚದರ ಮಿಲಿಮೀಟರ್ ವೈರ್ ಎಳೆದರೆ 5 ಆಂಪಿಯರ್‌ಗೆ ಅರ್ಧ ವೋಲ್ಟ್‌ಗಿಂತ ಹೆಚ್ಚು ದಾರಿಯಲ್ಲೇ ಹೋಗುತ್ತದೆ. ಬ್ಯಾಟರಿ ಇಳಿದಾಗ ಫ್ರಿಜ್ ತಾನಾಗಿ ಬಂದ್ ಆಗುತ್ತದೆ, ಜನ ಫ್ರಿಜ್ಜನ್ನು ಬೈಯುತ್ತಾರೆ. 4 ಚದರ ಮಿಲಿಮೀಟರ್ ಎಳೆಸಿ.

ಈಗ ಒಲೆ. ಇಂಡಕ್ಷನ್ ಒಲೆಯ ದಕ್ಷತೆ ಶೇಕಡಾ 85ರ ಆಸುಪಾಸು, ಗ್ಯಾಸ್ ಒಲೆಗೆ ನಮ್ಮ ಮಾನದಂಡ ಕೇಳುವುದು ಕನಿಷ್ಠ ಶೇಕಡಾ 68. ಹಾಗಾದರೆ ಇಂಡಕ್ಷನ್ನೇ ಗೆದ್ದಿತು ಅನ್ನಿಸಬಹುದು. ಮನೆಯಲ್ಲಿ ಹೌದು. ವ್ಯಾನಿನಲ್ಲಿ ಕೇಳಬೇಕಾದ್ದು, ಆ ಕರೆಂಟ್ ಎಲ್ಲಿಂದ ತರುತ್ತೀರಿ ಅಂತ. ಒಂದು ಕಿಲೋ ಎಲ್‌ಪಿಜಿಯಲ್ಲಿ ಸುಮಾರು 12.8 ಯೂನಿಟ್ ಶಕ್ತಿ ಇದೆ. 5 ಕಿಲೋದ ಸಣ್ಣ ಸಿಲಿಂಡರಿನಲ್ಲಿ 64 ಯೂನಿಟ್. ಅಷ್ಟು ತುಂಬಿಡಲು ಮೇಲೆ ಹೇಳಿದ ಲಿಥಿಯಂ ಬ್ಯಾಟರಿ ಐವತ್ತು ಬೇಕು!

ನಿಮ್ಮ ಮನೆಯ ಲೆಕ್ಕದಲ್ಲೇ ನೋಡಿ. 14.2 ಕಿಲೋ ಸಿಲಿಂಡರ್ ಒಂದೂವರೆ ತಿಂಗಳು ಬಂದರೆ ದಿನಕ್ಕೆ 4 ಯೂನಿಟ್ ಉರಿಸಿದಂತೆ. ಅದರಲ್ಲಿ ಪಾತ್ರೆಗೆ ಸೇರಿದ್ದು 2.7. ಅಷ್ಟನ್ನು ಇಂಡಕ್ಷನ್‌ನಲ್ಲಿ ಕೊಡಲು, ಇನ್ವರ್ಟರ್ ನಷ್ಟ ಸೇರಿ, ಬ್ಯಾಟರಿಯಿಂದ 3.5 ಯೂನಿಟ್ ಎಳೆಯಬೇಕು. ಮೂರು ಬ್ಯಾಟರಿ ದಿನಾ ಖಾಲಿ. ಮೇಲೆ, 2000 ವ್ಯಾಟ್ ಒಲೆಗೆ 12 ವೋಲ್ಟ್‌ನಲ್ಲಿ 180 ಆಂಪಿಯರ್‌ಗೂ ಹೆಚ್ಚು ಹರಿಯಬೇಕು. ಆ ವೈರು ಬೆರಳು ದಪ್ಪ ಇರುತ್ತದೆ, ಒಂದು ಜೋಡಣೆ ಸಡಿಲಾದರೆ ಅಲ್ಲೇ ಸುಡುತ್ತದೆ. ಚಹಾ ಕಾಯಿಸಲು, ಹಾಲು ಬಿಸಿ ಮಾಡಲು ಸಣ್ಣ ಇಂಡಕ್ಷನ್ ಒಂದಿರಲಿ. ಒಂದು ಲೀಟರ್ ನೀರು ಕುದಿಸಲು 0.1 ಯೂನಿಟ್ ಸಾಕು, ಅದನ್ನು ಬ್ಯಾಟರಿ ತಡೆದುಕೊಳ್ಳುತ್ತದೆ.

ಇನ್ನು ರೊಟ್ಟಿ. ಜೋಳದಲ್ಲಿ ಗೋಧಿಯ ಹಾಗೆ ಅಂಟು ಇಲ್ಲ. ಕುದಿವ ನೀರು ಹಾಕಿದಾಗ ಹಿಟ್ಟಿನ ಪಿಷ್ಟ ಉಬ್ಬಿ ಅಂಟಾಗುವುದರಿಂದಲೇ ಅದು ಬಡಿಯಲು ಬರುತ್ತದೆ. ಹಂಚಿಗೆ ಹಾಕಿ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಾರೆ. ಆ ನೀರು ಇಂಗುವ ಹೊತ್ತಿಗೆ ತಿರುವಿ ಹಾಕುತ್ತಾರೆ. ಒಳಗಿನ ತೇವ ಆವಿಯಾದಾಗ ಸಾವಿರದ ಆರುನೂರು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ, ರೊಟ್ಟಿ ಉಬ್ಬುತ್ತದೆ. ಇದಕ್ಕೆ ಹಂಚು ಅಂಚಿನವರೆಗೂ ಕಾದಿರಬೇಕು. ತಗ್ಗಿದ ಕಬ್ಬಿಣದ ಹಂಚನ್ನು ಇಂಡಕ್ಷನ್ ಮೇಲಿಟ್ಟರೆ ನಡುವೆ ಒಂದು ಅಂಗೈಯಗಲ ಮಾತ್ರ ಕಾಯುತ್ತದೆ. ನಡುವೆ ಸೀದು ಅಂಚು ಹಸಿ. ಉರಿಯಾದರೆ ಹಂಚಿನ ತಳವನ್ನು ಸುತ್ತಿ ಏರುತ್ತದೆ. ರೊಟ್ಟಿ ತಿನ್ನುವವರ ಗಾಡಿಯಲ್ಲಿ ಗ್ಯಾಸ್ ಇರಲೇಬೇಕು, ಇದರಲ್ಲಿ ನನಗೆ ರಾಜಿ ಇಲ್ಲ.

ಗ್ಯಾಸ್ ಇಟ್ಟಮೇಲೆ ಅದರ ಸ್ವಭಾವ ತಿಳಿದಿರಬೇಕು. ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ಮೇಲಿನ ಕಿಟಕಿಯಿಂದ ಹೋಗುವುದಿಲ್ಲ, ನೆಲದಲ್ಲಿ ಕೂರುತ್ತದೆ. ಆದ್ದರಿಂದ ಸಿಲಿಂಡರಿಗೆ ಒಳಮನೆಯಿಂದ ಬೇರೆಯಾದ ಪೆಟ್ಟಿಗೆ ಬೇಕು, ಅದರ ತಳದಲ್ಲಿ ಹೊರಗೆ ತೆರೆಯುವ ತೂತು ಬೇಕು. ಒಂದು ಕಿಲೋ ಗ್ಯಾಸ್ ಪೂರ್ತಿ ಉರಿಯಲು ಸುಮಾರು 13 ಘನ ಮೀಟರ್ ಗಾಳಿ ಬೇಕು, ಟ್ರಾವೆಲರ್ ಗಾಡಿಯ ಒಳಗೆ ಇರುವ ಗಾಳಿಯೂ ಹೆಚ್ಚುಕಡಿಮೆ ಅಷ್ಟೇ. ಎಲ್ಲ ಮುಚ್ಚಿಕೊಂಡು ಅಡುಗೆ ಮಾಡಿದರೆ ಉರಿ ಅರೆಬರೆಯಾಗಿ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆ ಇಲ್ಲ, ಜೀವ ತೆಗೆಯುತ್ತದೆ. ಅಲಾರಂ ಹಾಕಿಸಿ, ಕಿಟಕಿ ತೆರೆದಿಡಿ. ನನ್ನನ್ನು ಕೇಳಿದರೆ ಹಿಂಬಾಗಿಲಿನಿಂದ ಹೊರಗೆ ಜಾರಿ ಬರುವ ಒಲೆಯೇ ಒಳ್ಳೆಯದು. ಕಾವು, ಹಬೆ, ಒಗ್ಗರಣೆಯ ಘಾಟು ಎಲ್ಲ ಹೊರಗೇ ಉಳಿಯುತ್ತವೆ.

ಹಳೆಯ ಕ್ಯಾರವಾನ್ ಒಲೆ ತೆಗೆದು ಮನೆಯ ಗಾಜಿನ ಒಲೆ ಕೂರಿಸುವಾಗ ಒಂದು ಸಂಗತಿ ಕಳೆದುಹೋಗುತ್ತದೆ. ಕ್ಯಾರವಾನ್ ಒಲೆಯ ಬರ್ನರ್ ಪಕ್ಕ ಒಂದು ಸಣ್ಣ ಲೋಹದ ಕಡ್ಡಿ ಇರುತ್ತದೆ, ಅದು ಥರ್ಮೋಕಪಲ್. ಉರಿಯಲ್ಲಿ ಕಾದಾಗ ಚೂರು ಕರೆಂಟ್ ಹುಟ್ಟಿಸಿ ಗ್ಯಾಸಿನ ವಾಲ್ವನ್ನು ತೆರೆದಿಡುತ್ತದೆ. ಗಾಳಿಗೆ ಉರಿ ಆರಿದರೆ ಕಡ್ಡಿ ತಣ್ಣಗಾಗಿ ವಾಲ್ವ್ ಮುಚ್ಚಿಕೊಳ್ಳುತ್ತದೆ. ನಮ್ಮ ಮನೆಯ ಒಲೆಗಳಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ. ಬದಲಿಸುವುದಾದರೆ ಈ ಕಡ್ಡಿ ಇರುವ ಒಲೆಯನ್ನೇ ಹುಡುಕಿ. ಹೊರದೇಶದ ಒಲೆ ಉಳಿಸಿಕೊಳ್ಳುವುದಾದರೆ ಅದರ ಒತ್ತಡ ನೋಡಿ. ಕೆಲವು ಹಳೆಯ ಜರ್ಮನ್ ಒಲೆಗಳು 50 ಮಿಲಿಬಾರ್‌ನವು, ನಮ್ಮ ಮನೆಯ ರೆಗ್ಯುಲೇಟರ್ ಕೊಡುವುದು 30ರ ಆಸುಪಾಸು. ಉರಿ ಕಾಲುಭಾಗ ಸೊರಗುತ್ತದೆ.

ಮಿಕ್ಸಿಯ ಬಗ್ಗೆ ಜನ ಸುಮ್ನೆ ಹೆದರುತ್ತಾರೆ. 750 ವ್ಯಾಟ್ ಮಿಕ್ಸಿ ಐದು ನಿಮಿಷ ಓಡಿದರೆ 0.06 ಯೂನಿಟ್ ಅಷ್ಟೇ. ಶುರುವಾಗುವಾಗ ಹೆಚ್ಚು ಎಳೆಯುವುದರಿಂದ ಇನ್ವರ್ಟರ್ 1500 ವ್ಯಾಟ್‌ನದು ಇದ್ದರೆ ಸಾಕು.

ಫ್ರಿಜ್ ಎಷ್ಟು ದೊಡ್ಡದು ಬೇಕು ಅನ್ನುವುದನ್ನು ನಮ್ಮ ಊಟವೇ ಹೇಳುತ್ತದೆ. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಇವುಗಳಲ್ಲಿ ತೇವವೇ ಇಲ್ಲದ್ದರಿಂದ ಬೂಷ್ಟು ಹಿಡಿಯುವುದಿಲ್ಲ, ಫ್ರಿಜ್ಜೂ ಬೇಡ. ಕುಡಿಯುವ ನೀರಿಗೆ ಮಣ್ಣಿನ ಗಡಿಗೆ ಇದೆ. ಗಾಳಿ 40 ಡಿಗ್ರಿ, ಆರ್ದ್ರತೆ ಶೇಕಡಾ 20 ಇರುವ ದಿನ ಆವಿಯಾಗುವಿಕೆಯೊಂದೇ ಸಾಕು, ನೀರನ್ನು 23 ಡಿಗ್ರಿಯ ಹತ್ತಿರಕ್ಕೆ ಇಳಿಸಬಲ್ಲದು. ಒದ್ದೆ ಗೋಣಿ ಸುತ್ತಿದ ಬುಟ್ಟಿಯಲ್ಲಿ ಬದನೆ, ಟೊಮೆಟೊ ಚೆನ್ನಾಗಿಯೇ ಉಳಿಯುತ್ತವೆ. ಫ್ರಿಜ್ಜಿಗೆ ಉಳಿಯುವುದು ಹಾಲು, ಮೊಸರು, ಸೊಪ್ಪು, ಔಷಧಿ. 50 ಲೀಟರ್ ಧಾರಾಳ ಸಾಕು.

ಶೆಡ್ಡಿನಲ್ಲಿ ಹಳೆ ಫ್ರಿಜ್ ಬಿಚ್ಚಿದ ಮೇಲೆ ಗೋಡೆಯ ಗಾಳಿಕಿಂಡಿಗಳನ್ನು ತಗಡು ಹೊಡೆದು ಮುಚ್ಚಲು ಹೊರಟಿದ್ದರು. ಬೇಡ ಅಂದೆ. ಹೊಸ ಕಂಪ್ರೆಸರ್ ಫ್ರಿಜ್‌ಗೂ ಅವೇ ಕಿಂಡಿ ಬೇಕು, ಸುಮ್ನೆ ಒಂದು ಜಾಲರಿ ಹಾಕಿದರಾಯಿತು. ಹಳೆಯದನ್ನು ಗುಜರಿಗೆ ಹಾಕುವಾಗ ಕೊಳವೆಗೆ ಕಟರ್ ಇಡದಂತೆ ಹೇಳಿ ಕಳಿಸಬೇಕು. ಒಳಗೆ ಅಮೋನಿಯಾ ಮತ್ತು ಹೈಡ್ರೋಜನ್ 20 ಬಾರ್‌ಗೂ ಹೆಚ್ಚು ಒತ್ತಡದಲ್ಲಿರುತ್ತವೆ. ಅಮೋನಿಯಾ ಕಣ್ಣು, ಗಂಟಲು ಸುಡುತ್ತದೆ, ಹೈಡ್ರೋಜನ್ ಕಿಡಿ ತಾಗಿದರೆ ಹತ್ತಿಕೊಳ್ಳುತ್ತದೆ. ಕೊಳವೆ ತುಕ್ಕು ಹಿಡಿಯದಿರಲಿ ಅಂತ ಬೆರೆಸಿದ ಕ್ರೋಮೇಟ್ ಉಪ್ಪೂ ವಿಷವೇ. ಫ್ರಿಜ್ಜಿನ ಬೆನ್ನ ಮೇಲೆ ದಪ್ಪ ಅಕ್ಷರದಲ್ಲಿ "ಅಮೋನಿಯಾ ಇದೆ, ಕೊಯ್ಯಬೇಡಿ" ಅಂತ ಬಣ್ಣದಲ್ಲಿ ಬರೆಸಿ, ಆಮೇಲೆ ಗುಜರಿ ಗಾಡಿಗೆ ಹತ್ತಿಸಿ.